ಮನೆತನದ ಹೆಸರಿನಲ್ಲಿ ಆಡುವವರು

ಕೊಡಗಿನ ಸುಂಟಿಕೊಪ್ಪದ ಶಾಲಾ ಮೈದಾನದಲ್ಲಿ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ಫುಟ್‌ಬಾಲ್ ನಡೆಯುವಾಗ ಫಾರ್ವರ್ಡ್ ಆಡುವವನು ಎಲ್ಲಿಯವನೆಂದು ಯಾರೂ ವಿಚಾರಿಸುವುದಿಲ್ಲ. ಗೋಲು ಹೊಡೆದರಾಯಿತು. ಅದೇ ಪ್ರೇಕ್ಷಕರು ಕೊಡವ ಕೌಟುಂಬಿಕ ಹಾಕಿಗೆ ಹೋದರೆ ಮೊದಲು ಕೇಳುವುದೇ ‘ಯಾವ ಒಕ್ಕ?’ ಎಂದು, ಅಂದರೆ ಯಾವ ಮನೆತನ ಎಂದು. ಅಲ್ಲಿ ಬಾಡಿಗೆ ಆಟಗಾರ ನಡೆಯುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನಾದರೂ ಮನೆತನದ ಹೆಸರಿದ್ದರೆ ಸ್ಟಿಕ್ ಹಿಡಿದು ಇಳಿಯಬಹುದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಈ ಪಂದ್ಯಾವಳಿ ಶುರುಮಾಡಿದಾಗ ಬಂದದ್ದು 60 ಕುಟುಂಬ. 2025ರಲ್ಲಿ ಅದು ಮಡಿಕೇರಿಯಲ್ಲಿ ಮುದ್ದಂಡ ಕಪ್ ಆಗಿ ನಡೆದಾಗ ಹೆಸರು ಕೊಟ್ಟದ್ದು 396.

ಹೀಗಾಗಿ ರಗ್ಬಿ ಲೀಗ್‌ನ ‘ಅಜ್ಜ-ಅಜ್ಜಿ ನಿಯಮ’ವನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹದಿಮೂರು ಮಂದಿಯ ಆ ಆಟದಲ್ಲಿ ಅಜ್ಜನೋ ಅಜ್ಜಿಯೋ ಹುಟ್ಟಿದ ದೇಶಕ್ಕೂ ಆಡಬಹುದು. 2017ರ ವಿಶ್ವಕಪ್‌ಗೆ ಮುನ್ನ ಆಕ್ಲೆಂಡ್‌ನಲ್ಲಿ ಹುಟ್ಟಿದ ಜೇಸನ್ ತೌಮಲೋಲೊ ನ್ಯೂಜಿಲೆಂಡ್ ಬಿಟ್ಟು ಟೋಂಗಾ ಸೇರಿದ. ಟೋಂಗಾ ಅದೇ ನ್ಯೂಜಿಲೆಂಡನ್ನು 28-22ರಿಂದ ಸೋಲಿಸಿತು. 2019ರಲ್ಲಿ ಆಸ್ಟ್ರೇಲಿಯಾವನ್ನೂ ಕೆಡವಿತು. ವಲಸೆ ಹೋದವರ ಮಕ್ಕಳೇ ತುಂಬಿದ್ದ ಸಮೋವಾ 2022ರಲ್ಲಿ ವಿಶ್ವಕಪ್ ಫೈನಲ್ ಆಡಿತು. ಇಂಥವನ್ನು ‘ಎರವಲು ತಂಡ’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ದುಡಿಮೆಗೆಂದು ಊರು ಬಿಟ್ಟವರ ಮೊಮ್ಮಕ್ಕಳು ಊರಿಗೆ ಹೊರಗಿನವರೇ?

ನಿಜವಾದ ದೋಷ ಬೇರೆ ಕಡೆ ಇದೆ. ಫಿಜಿಯಲ್ಲಿ ಹುಟ್ಟಿ, 2013ರ ವಿಶ್ವಕಪ್‌ನಲ್ಲಿ ಫಿಜಿಗೇ ಆಡಿದ್ದ ಸೆಮಿ ರಾದ್ರಾದ್ರಾ 2016ರಲ್ಲಿ ವಾಸದ ಅರ್ಹತೆಯ ಮೇಲೆ ಆಸ್ಟ್ರೇಲಿಯಾದ ಜೆರ್ಸಿ ತೊಟ್ಟ. ಆಟಗಾರನನ್ನು ದೂರಲಾರೆ, ಆದರೆ ಆಸ್ಟ್ರೇಲಿಯಾದಂಥ ದೊಡ್ಡ ತಂಡಕ್ಕೆ ಆಟಗಾರರ ಕೊರತೆಯೇನೂ ಇರಲಿಲ್ಲ. ಸಣ್ಣ ತಂಡಕ್ಕೆ ಇಳಿಯಲು ಬಾಗಿಲು ತೆರೆದಿರಲಿ, ದೊಡ್ಡ ತಂಡಕ್ಕೆ ಏರಲು ಮಾತ್ರ ಕಷ್ಟವಾಗಲಿ.

ನಮ್ಮಲ್ಲಿ ಬಾಗಿಲಿಗೆ ಬೇರೆಯದೇ ಬೀಗ. ಫುಟ್‌ಬಾಲ್‌ನಲ್ಲಿ ಫಿಫಾ ಆಡುವ ದೇಶದ ಪೌರತ್ವ ಕೇಳುತ್ತದೆ, ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 2019ರಲ್ಲಿ ಆಸ್ಟ್ರೇಲಿಯಾಕ್ಕೆ ಒಂದು ಸ್ನೇಹಪಂದ್ಯ ಆಡಿದ್ದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್‌ಗೆ ತಾಯಿಯ ಕಡೆಯಿಂದ ಮುಂಬೈ ನಂಟಿದೆ. ಆದರೂ 2025ರಲ್ಲಿ ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಟ್ಟ ಮೇಲಷ್ಟೇ ಅವರಿಗೆ ಭಾರತ ತಂಡದ ದಾರಿ ತೆರೆಯಿತು. ಮೂವತ್ತು ದಾಟಿದ ಆಟಗಾರ ಉಳಿದಿರುವ ಕೆಲವೇ ಋತುಗಳಿಗಾಗಿ ತೆತ್ತ ಬೆಲೆಯದು. ಇಪ್ಪತ್ತರ ಹುಡುಗನಿಗೆ ಅದನ್ನು ತೆರು ಎಂದು ಯಾವ ತಂದೆ-ತಾಯಿ ಹೇಳಿಯಾರು?