ಮಂದ್ರದ ಸಾಕ್ಷ್ಯ: ಜಾಝ್ ಕಿರುಮೇಳದ ಸಭಾಮುದ್ರಿಕೆಗಳು

೧

ಸಂಗೀತ ಮುದ್ರಿಕೆಗಳ ವಿಮರ್ಶೆಯಲ್ಲಿ ಒಂದು ಸಂದಿಗ್ಧವು ಮೊದಲಿನಿಂದಲೂ ಇದೆ. ವಿಮರ್ಶಕನು ತೂಗಿ ನೋಡಬೇಕಾದುದು ಕಲಾವಿದನ ವಾದನವನ್ನೋ, ಆ ವಾದನದಲ್ಲಿ ಯಂತ್ರವು ಉಳಿಸಿಕೊಟ್ಟ ಭಾಗವನ್ನೋ? ಸ್ಟುಡಿಯೋದಲ್ಲಿ ಸಿದ್ಧವಾದ ಮುದ್ರಿಕೆಯ ವಿಷಯದಲ್ಲಿ ಈ ಪ್ರಶ್ನೆಯು ಅಷ್ಟಾಗಿ ಬಾಧಿಸದು. ಅಲ್ಲಿ ವಾದನವು ಯಂತ್ರಕ್ಕಾಗಿಯೇ ನಡೆದುದು. ಸಭಿಕರ ಸಮ್ಮುಖದಲ್ಲಿ ನುಡಿಸಿದುದನ್ನು ಅಲ್ಲಿಯೇ ಹಿಡಿದಿಟ್ಟ ಮುದ್ರಿಕೆಯನ್ನು ಸಭಾಮುದ್ರಿಕೆ ಎನ್ನಬಹುದಾದರೆ, ಅದರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಸಾಗುವಂತಿಲ್ಲ.

ಮುಂಬಯಿ, ಪುಣೆಗಳಲ್ಲಿ ನೆಲಸಿದ ಕನ್ನಡ ರಸಿಕನಿಗೆ ಈ ವ್ಯತ್ಯಾಸವು ಅಪರಿಚಿತವಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಮೊದಲು ಮನೆಮನೆಯನ್ನು ಹೊಕ್ಕದ್ದು ನಿಮಿಷಕ್ಕೆ ೭೮ ಸುತ್ತಿನ ತಟ್ಟೆಗಳ ಮೂಲಕ. ಮೂರು ಮೂರೂವರೆ ನಿಮಿಷಗಳೊಳಗೆ ರಾಗವೊಂದರ ರೂಪವನ್ನು ಅಡಕಮಾಡಿ ತೋರುವುದು ಒಂದು ಸಿದ್ಧಿ. ಬೈಠಕಿನಲ್ಲಿ ಅದೇ ರಾಗವನ್ನು ಗಂಟೆಗಟ್ಟಲೆ ಬೆಳಸುವುದು ಬೇರೊಂದು ಸಿದ್ಧಿ. ಜಾಝ್ ಸಂಗೀತಕ್ಕೂ ಇದೇ ಬಂಧನವಿತ್ತು. ಅದೂ ಮನೋಧರ್ಮವನ್ನೇ ಪ್ರಾಣವಾಗಿ ಉಳ್ಳ ಸಂಗೀತ. ಆದರೆ ೧೯೪೮ರಲ್ಲಿ ಕೊಲಂಬಿಯಾ ಸಂಸ್ಥೆಯು ದೀರ್ಘಮುದ್ರಿಕೆಯನ್ನು ಬಳಕೆಗೆ ತರುವವರೆಗೆ ಅದರ ಅಚ್ಚಾದ ರೂಪವೆಲ್ಲ ಮೂರು ನಿಮಿಷದ ರೂಪವೇ ಆಗಿತ್ತು. ಇದಕ್ಕೆ ಅಪವಾದಗಳು ವಿರಳ. ೧೯೪೧ರಲ್ಲಿ ನ್ಯೂಯಾರ್ಕಿನ ಮಿಂಟನ್ಸ್ ಎಂಬ ಹಾರ್ಲೆಮ್ ವಿಹಾರಗೃಹದಲ್ಲಿ ಗಿಟಾರ್‌ವಾದಕ ಚಾರ್ಲಿ ಕ್ರಿಶ್ಚಿಯನ್ ಅವರು ಮನಬಂದಷ್ಟು ಹೊತ್ತು ನುಡಿಸಿದುದನ್ನು, ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿಯು ತಾನೇ ಹೊತ್ತು ತಂದ ಯಂತ್ರದಲ್ಲಿ ಮುದ್ರಿಸಿಕೊಳ್ಳದೆ ಇದ್ದಿದ್ದರೆ, ಆ ಕಲಾವಿದರ ವಿಸ್ತಾರಶಕ್ತಿಗೆ ಇಂದು ಸಾಕ್ಷ್ಯವೇ ಇರುತ್ತಿರಲಿಲ್ಲವೆನ್ನಬೇಕು. ದೀರ್ಘಮುದ್ರಿಕೆಯೂ ಕಾಂತಪಟ್ಟಿಯೂ ಬಂದ ಮೇಲೆ ವಿರಳವಾದುದು ಹೇರಳವಾಯಿತು. ಹೇರಳವಾದಾಗಲೇ ವಿವೇಚನೆಯ ಅಗತ್ಯವೂ ಹುಟ್ಟಿತು.

೨

ಸಭಾಮುದ್ರಿಕೆಗಳನ್ನು ಹೊಗಳುವವರು ಸಾಮಾನ್ಯವಾಗಿ ಮುಂದಿಡುವ ಗುಣಗಳು ಎರಡು: ಸಭೆಯ ಉತ್ಸಾಹ ಮತ್ತು ಘಟನೆಯ ಸತ್ಯತೆ. ಈ ಎರಡನ್ನೂ ಕೊಂಚ ಪರೀಕ್ಷಿಸಬೇಕು.

ಕ್ಯಾನನ್‌ಬಾಲ್ ಆಡರ್ಲಿ ಅವರ ಐವರ ಮೇಳವು ೧೯೬೬ರಲ್ಲಿ ಮುದ್ರಿಸಿದ ‘ಮರ್ಸಿ, ಮರ್ಸಿ, ಮರ್ಸಿ’ ಎಂಬ ತಟ್ಟೆಯು ಷಿಕಾಗೋದ ಒಂದು ಕ್ಲಬ್ಬಿನಲ್ಲಿ ನಡೆದ ವಾದನವೆಂದು ಪ್ರಕಟವಾಯಿತು. ಆ ತಟ್ಟೆಯಲ್ಲಿ ಜನರು ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಕಲಾವಿದರ ಮಾತಿಗೆ ಮರುಮಾತಾಡುತ್ತಾರೆ. ವಸ್ತುತಃ ಅದು ಲಾಸ್ ಏಂಜಲೀಸಿನ ಕ್ಯಾಪಿಟಲ್ ಸ್ಟುಡಿಯೋದಲ್ಲಿ, ಆಹ್ವಾನಿತ ಸಭಿಕರ ನಡುವೆ ಮುದ್ರಿತವಾದುದು. ಸಂಗೀತವು ಅದರಿಂದ ಕೆಟ್ಟಿತೆಂದಲ್ಲ. ಅದರ ಸೊಗಸು ಇಂದಿಗೂ ಮಾಸಿಲ್ಲ. ಆದರೆ ಕರತಾಡನದ ಸದ್ದು ಸ್ಥಳಕ್ಕೂ ಕಾಲಕ್ಕೂ ಪ್ರಮಾಣವಾಗಲಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯ ನಿದರ್ಶನವು ಇದಕ್ಕಿಂತ ಸೂಕ್ಷ್ಮವಾದುದು. ೧೯೫೩ರ ಮೇ ೧೫ರಂದು ಕೆನಡಾದ ಟೊರಾಂಟೋ ನಗರದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಬಡ್ ಪೊವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಎಂಬ ಐವರು ಮಹಾವಾದಕರು ಒಟ್ಟಿಗೆ ನುಡಿಸಿದರು. ಮುದ್ರಣವು ಉಳಿಯಿತು, ಅದರಲ್ಲಿ ಮಿಂಗಸ್ ಅವರ ಡಬಲ್ ಬಾಸ್, ಎಂದರೆ ಆಳೆತ್ತರದ ಆ ಮಂದ್ರ ತಂತಿವಾದ್ಯ, ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಿಂಗಸ್ ಅವರು ಬಳಿಕ ಸ್ಟುಡಿಯೋದಲ್ಲಿ ಕುಳಿತು ತಮ್ಮ ಭಾಗವನ್ನು ಮತ್ತೆ ನುಡಿಸಿ ಸೇರಿಸಿದರು. ಹೀಗಾಗಿ ಅಂದಿನ ಸಂಜೆಯ ಮಹಾಸಂವಾದವೆಂದು ಹೆಸರಾದ ಮುದ್ರಿಕೆಯಲ್ಲಿ ಒಬ್ಬ ಸಂವಾದಿಯ ಮಾತು ಅಂದಿನದಲ್ಲ. ಉಳಿದ ನಾಲ್ವರು ಆ ಮಾತಿಗೆ ಓಗೊಟ್ಟವರಲ್ಲ. ಅವರು ಕೇಳಿದುದು ಬೇರೊಂದನ್ನು. ಸೇರ್ಪಡೆಯಿಲ್ಲದ ರೂಪವು ಮುಂದೆ ಪ್ರಕಟವಾದಾಗ ಬಾಸ್ ಮಂಕಾಗಿದ್ದರೂ ಪರಸ್ಪರ ಸಂಬಂಧವು ಸ್ವಸ್ಥಾನಕ್ಕೆ ಮರಳಿತು.

ಈ ಎರಡು ನಿದರ್ಶನಗಳಿಂದ ವಿಮರ್ಶೆಗೆ ಒಂದು ಮಾನದಂಡ ದೊರೆಯುತ್ತದೆ. ಕಿರುಮೇಳದ ಸಭಾಮುದ್ರಿಕೆಯನ್ನು ಅದರ ಗಟ್ಟಿಯಾದ ದನಿಯಿಂದ ಅಳೆಯದೆ ಮೆಲ್ಲನೆಯ ದನಿಯಿಂದ ಅಳೆಯುವುದು ಲೇಸು. ಕಹಳೆಯೂ ಸ್ಯಾಕ್ಸೊಫೋನೂ ಎಂಥ ಕೋಣೆಯಲ್ಲಾದರೂ ತಮ್ಮ ದಾರಿಯನ್ನು ತಾವೇ ಮಾಡಿಕೊಳ್ಳುತ್ತವೆ. ಕೋಣೆಯ ಗದ್ದಲವು ಮೊದಲು ನುಂಗುವುದು ಬಾಸನ್ನು. ಬಾಸ್ ಉಳಿದಿದೆಯೋ, ಉಳಿದ ಬಾಸಿಗೆ ಜೊತೆಯವರು ಕಿವಿಗೊಟ್ಟಿದ್ದಾರೆಯೋ ಎಂದು ಕೇಳಿದರೆ ಮುದ್ರಣದ ಗುಣವೂ ಮೇಳದ ಗುಣವೂ ಒಂದೇ ಪ್ರಶ್ನೆಯಿಂದ ಬಯಲಾಗುತ್ತವೆ.

೩

ಈ ಮಾನದಂಡವನ್ನು ಪ್ರಯೋಗಿಸಲು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ಗಿಂತ ತಕ್ಕ ಸ್ಥಳವಿಲ್ಲ. ಮ್ಯಾಕ್ಸ್ ಗಾರ್ಡನ್ ಅವರು ೧೯೩೫ರಲ್ಲಿ ಸ್ಥಾಪಿಸಿದ ಈ ವಿಹಾರಗೃಹವು ನೆಲಮಾಳಿಗೆಯಲ್ಲಿದೆ. ಆಕಾರ ಹೆಚ್ಚುಕಡಿಮೆ ತ್ರಿಕೋನ. ಒಂದೆರಡು ನೂರು ಜನ ಕೂಡಿದರೆ ಹೊರಳಲು ಎಡೆಯಿಲ್ಲ. ೧೯೫೭ರ ನವೆಂಬರ್ ೩ರಂದು ಸನ್ನಿ ರಾಲಿನ್ಸ್ ಅವರು ಇಲ್ಲಿ ಪಿಯಾನೋವನ್ನೇ ತೊರೆದು, ಬಾಸ್ ಮತ್ತು ಡ್ರಮ್‌ಗಳನ್ನು ಮಾತ್ರ ಜೊತೆಗಿಟ್ಟುಕೊಂಡು ನುಡಿಸಿದರು. ಸ್ವರಮೇಳದ ಆಸರೆಯನ್ನು ಕಳಚಿದ್ದರಿಂದ ಬಾಸ್‌ವಾದಕ ವಿಲ್ಬರ್ ವೇರ್ ಅವರ ಹೊಣೆ ಇಮ್ಮಡಿಯಾಯಿತು. ತಾಳದ ನೆಲೆಯೂ ಶ್ರುತಿಯ ನೆಲೆಯೂ ಅವರೊಬ್ಬರದೇ. ಅವರ ಮಿತವಾದ, ದಪ್ಪ ಸ್ವರಗಳು ರೂಡಿ ವ್ಯಾನ್ ಗೆಲ್ಡರ್ ಅವರ ಮುದ್ರಣದಲ್ಲಿ ನಿಚ್ಚಳವಾಗಿ ನಿಂತಿವೆ. ಆದರೂ ಅಲ್ಲಿಯ ಸಂಬಂಧವು ನಾಯಕ–ಸಾಥಿಯರ ಸಂಬಂಧವೇ. ರಾಲಿನ್ಸ್ ಮುನ್ನಡೆಯುತ್ತಾರೆ, ಉಳಿದವರು ಸಮರ್ಥವಾಗಿ ಹಿಂಬಾಲಿಸುತ್ತಾರೆ.

ಸಂಬಂಧವೇ ಬದಲಾದುದು ೧೯೬೧ರ ಜೂನ್ ೨೫ರ ಭಾನುವಾರ. ಅಂದು ಅದೇ ನೆಲಮಾಳಿಗೆಯಲ್ಲಿ ಪಿಯಾನೋವಾದಕ ಬಿಲ್ ಇವಾನ್ಸ್, ಬಾಸ್‌ವಾದಕ ಸ್ಕಾಟ್ ಲಾಫಾರೊ, ಡ್ರಮ್‌ವಾದಕ ಪಾಲ್ ಮೋಷಿಯನ್ ಇವರು ಮಧ್ಯಾಹ್ನ ಎರಡು, ಸಂಜೆಯಿಂದ ಮೂರು, ಹೀಗೆ ಐದು ಸರದಿಗಳಲ್ಲಿ ನುಡಿಸಿದರು. ರಿವರ್‌ಸೈಡ್ ಸಂಸ್ಥೆಗಾಗಿ ಆರಿನ್ ಕೀಪ್‌ನ್ಯೂಸ್ ಅವರು ಎಲ್ಲವನ್ನೂ ಮುದ್ರಿಸಿಕೊಂಡರು. ಒಬ್ಬರಾದ ಮೇಲೊಬ್ಬರು ಸರದಿಯಂತೆ ಮನೋಧರ್ಮವನ್ನು ತೋರುವ ವಾಡಿಕೆಯನ್ನು ಬಿಟ್ಟು, ಮೂವರೂ ಏಕಕಾಲದಲ್ಲಿ ಕಲ್ಪಿಸುತ್ತ ಹೋಗುವ ಮೇಳವೊಂದನ್ನು ಕಟ್ಟುವ ಬಯಕೆಯನ್ನು ಇವಾನ್ಸ್ ಮೊದಲೇ ವ್ಯಕ್ತಪಡಿಸಿದ್ದರು. ೧೯೫೯ರ ಡಿಸೆಂಬರ್ ಮತ್ತು ೧೯೬೧ರ ಫೆಬ್ರವರಿಯಲ್ಲಿ ಸ್ಟುಡಿಯೋದಲ್ಲಿ ಮುದ್ರಿಸಿದ ಎರಡು ತಟ್ಟೆಗಳಲ್ಲಿ ಆ ಬಯಕೆಯ ಅಂಕುರವಿದೆ, ಫಲವಿರುವುದು ಇಲ್ಲಿ.

‘ವಾಲ್ಟ್ಜ್ ಫಾರ್ ಡೆಬಿ’ ಎಂಬ ಕೃತಿಯೊಂದನ್ನೇ ನೋಡಬಹುದು. ತಮ್ಮ ಅಣ್ಣನ ಪುಟ್ಟ ಮಗಳಿಗಾಗಿ ಇವಾನ್ಸ್ ರಚಿಸಿದ ಇದು ೧೯೫೬ರಲ್ಲಿಯೇ ಒಮ್ಮೆ ಪಿಯಾನೋ ಒಂದರಲ್ಲೇ, ಒಂದೂಕಾಲು ನಿಮಿಷದಷ್ಟು ಪುಟ್ಟದಾಗಿ ಮುದ್ರಿತವಾಗಿತ್ತು. ಐದು ವರ್ಷಗಳ ಬಳಿಕ ಅದು ಮೂರು ಮಾತ್ರೆಗಳ ನಡೆಯಲ್ಲಿ ಪಿಯಾನೋ ಮತ್ತು ಬಾಸುಗಳ ಜೋಡಿಯಾಗಿ ಆರಂಭವಾಗುತ್ತದೆ. ಬಾಸ್ ಇಲ್ಲಿ ಕೆಳಗಿನಿಂದ ಆನಿಕೆ ಕೊಡುವುದಿಲ್ಲ. ತನ್ನ ಮೇಲಿನ ಸ್ಥಾಯಿಯಲ್ಲಿ ಮತ್ತೊಂದು ರಾಗರೇಖೆಯನ್ನು ಎಳೆಯುತ್ತದೆ. ಪಿಯಾನೋ ತಡೆದಲ್ಲಿ ಅದು ಮಾತಾಡುತ್ತದೆ, ಪಿಯಾನೋ ಮಾತಾಡಿದಲ್ಲಿ ತಡೆಯುತ್ತದೆ. ಅನಂತರ ನಡೆಯು ನಾಲ್ಕಕ್ಕೆ ಹೊರಳಿ ಡ್ರಮ್ ಕೂಡಿಕೊಂಡಾಗ, ಅದುವರೆಗೆ ಮನೆಯೊಳಗಿದ್ದ ಹಾಡು ಬೀದಿಗಿಳಿದಂತೆ ಹಗುರಾಗುತ್ತದೆ.

‘ಮೈ ಫೂಲಿಷ್ ಹಾರ್ಟ್’ ಎಂಬ ಹಳೆಯ ಚಲಚ್ಚಿತ್ರಗೀತೆಯ ವಾದನದಲ್ಲಿ ಇದಕ್ಕೆ ವಿರುದ್ಧವಾದ ಗುಣವು ಕಾಣುತ್ತದೆ. ಅತಿವಿಳಂಬದ ನಡೆ. ಲಾಫಾರೊ ಇಲ್ಲಿ ಮಾತನ್ನು ಕಡಿಮೆಮಾಡಿ, ಒಂದು ಸ್ವರದಿಂದ ಇನ್ನೊಂದಕ್ಕೆ ಬಹಳ ಹೊತ್ತು ಕಾಯುತ್ತಾರೆ. ಮೋಷಿಯನ್ ತಂತಿಕುಂಚಗಳಿಂದ ತಾಳವನ್ನು ಎಣಿಸಿ ತೋರುವ ಬದಲು ಅದರ ಸುಳಿವನ್ನಷ್ಟೇ ಕೊಡುತ್ತಾರೆ. ವಾಚಾಳಿಯಾಗಬಲ್ಲವನ ಮೌನಕ್ಕೆ ಇರುವ ಬೆಲೆ ಇಲ್ಲಿ ಬಾಸಿಗೆ ಬಂದಿದೆ.

ದೋಷಗಳಿಲ್ಲವೆಂದಲ್ಲ. ‘ಸೋಲಾರ್’ ಎಂಬ ದ್ರುತಗತಿಯ ಕೃತಿಯಲ್ಲಿ ಲಾಫಾರೊ ಅವರ ಚುರುಕು ಕೆಲವೊಮ್ಮೆ ಚುರುಕಿಗಾಗಿಯೇ ಇರುವಂತೆ ತೋರುತ್ತದೆ. ಎಲ್ಲರೂ ಅಲಂಕಾರಕ್ಕೆ ತೊಡಗಿದಾಗ ನೆಲೆಯನ್ನು ಕಾಯುವವರಾರು ಎಂಬ ಶಂಕೆ ಕೇಳುಗನಲ್ಲಿ ಮೂಡುತ್ತದೆ. ಸಮಾನರ ಸಂವಾದದಲ್ಲಿ ಈ ಅಪಾಯವು ಸಹಜವಾದುದು. ಎಂದಾದರೊಮ್ಮೆ ಎಡವಿದುದೂ ಉಳಿದುಬಂದಿರುವುದರಿಂದಲೇ ಅವರು ಮಿಕ್ಕೆಡೆಗಳಲ್ಲಿ ಎಡವದೆ ನಡೆದುದರ ಹಿರಿಮೆ ತಿಳಿಯುತ್ತದೆ.

ಈ ಮುದ್ರಣದಲ್ಲಿ ಸಭಿಕರೂ ಕೇಳಿಸುತ್ತಾರೆ. ಗಾಜಿನ ಲೋಟಗಳು ತಾಗುತ್ತವೆ, ಯಾರೋ ನಗುತ್ತಾರೆ, ಅತಿ ಕೋಮಲವಾದೆಡೆಯಲ್ಲಿ ಹರಟೆಯೊಂದು ಅಡ್ಡಹಾಯುತ್ತದೆ, ಚಪ್ಪಾಳೆ ಬೆರಳೆಣಿಕೆಯಷ್ಟು. ಸಭೆಯ ಉತ್ಸಾಹವು ಸಭಾಮುದ್ರಿಕೆಯ ಸಾರವೆನ್ನುವವರಿಗೆ ಇದೊಂದು ತೊಡಕು. ಅಂದಿನ ಸಭೆಯಲ್ಲಿ ಹಲವರು ಕೇಳುತ್ತಿರಲಿಲ್ಲ. ಪೂರ್ಣವಾಗಿ ಕೇಳುತ್ತಿದ್ದವರು ಖಂಡಿತವಾಗಿ ಮೂವರು, ಮತ್ತು ಆ ಮೂವರೂ ವೇದಿಕೆಯ ಮೇಲಿದ್ದರು.

೪

ಆ ಭಾನುವಾರದ ಹನ್ನೊಂದು ದಿನಗಳ ಬಳಿಕ, ಜುಲೈ ೬ರಂದು, ಲಾಫಾರೊ ಕಾರಿನ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ೨೫. ಇವಾನ್ಸ್ ಕೆಲವು ತಿಂಗಳು ವಾದನದಿಂದಲೇ ದೂರ ಉಳಿದರು. ಇಲ್ಲಿಂದ ಮುಂದೆ ಈ ಮುದ್ರಿಕೆಗಳ ಇತಿಹಾಸವನ್ನು ಆ ಸಾವಿನಿಂದ ಬೇರ್ಪಡಿಸುವುದು ಕಷ್ಟ. ವಿಮರ್ಶಕನಿಗೆ ನಿಜವಾದ ಪರೀಕ್ಷೆಯೂ ಇಲ್ಲಿಯೇ.

ಮೊದಲು ಪ್ರಕಟವಾದ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’ ತಟ್ಟೆಯ ಆಯ್ಕೆಯು ಅಗಲಿದವರ ಸ್ಮಾರಕವಾಗಿ ನಡೆಯಿತು. ಹೊದಿಕೆಯ ಮೇಲೆ ಲಾಫಾರೊ ಅವರ ಹೆಸರು ವಿಶೇಷವಾಗಿ ಕಾಣಿಸಿತು, ಅವರ ರಚನೆಯಾದ ‘ಗ್ಲೋರಿಯಾಸ್ ಸ್ಟೆಪ್’ನಿಂದ ತಟ್ಟೆ ಮೊದಲಾಗಿ, ಅವರದೇ ಆದ ‘ಜೇಡ್ ವಿಷನ್ಸ್’ನಿಂದ ಮುಗಿಯಿತು, ನಡುವಿನ ಕೃತಿಗಳೂ ಬಾಸಿನ ಏಕಾಕಿ ಭಾಗಗಳಿಂದ ತುಂಬಿವೆ. ೧೯೬೨ರಲ್ಲಿ ಬಂದ ‘ವಾಲ್ಟ್ಜ್ ಫಾರ್ ಡೆಬಿ’ ತಟ್ಟೆಯು ಅದೇ ದಿನದ ಇತರ ಆರು ಕೃತಿಗಳನ್ನು ಕೊಟ್ಟಿತು. ಅದು ಹೆಚ್ಚು ಭಾವಗೀತಾತ್ಮಕ. ಪಿಯಾನೋ ಅದರ ಕೇಂದ್ರ. ಒಂದೇ ದಿನ, ಒಂದೇ ಕೋಣೆ, ಅವೇ ಮೂವರು. ಆದರೂ ಎರಡು ತಟ್ಟೆಗಳನ್ನು ಮಾತ್ರ ಕೇಳಿದವನು ಎರಡು ಬೇರೆ ಮೇಳಗಳನ್ನು ಕಲ್ಪಿಸಿಕೊಂಡರೆ ಆಶ್ಚರ್ಯವಿಲ್ಲ.

೨೦೦೫ರಲ್ಲಿ ಅಂದಿನ ಐದು ಸರದಿಗಳೂ ನುಡಿಸಿದ ಕ್ರಮದಲ್ಲಿಯೇ ಮೂರು ತಟ್ಟೆಗಳಾಗಿ ಪ್ರಕಟವಾದವು. ಮೊದಲ ಕೃತಿಯ ನಡುವೆ ವಿದ್ಯುತ್ತು ಕೈಕೊಟ್ಟು ಮುದ್ರಣ ಕಡಿದುದನ್ನೂ ಮುಚ್ಚಿಟ್ಟಿಲ್ಲ. ಹದಿಮೂರು ಕೃತಿಗಳು, ಅವುಗಳಲ್ಲಿ ಹಲವನ್ನು ಎರಡು ಬಾರಿ, ‘ಆಲ್ ಆಫ್ ಯೂ’ ಎಂಬುದನ್ನು ಮೂರು ಬಾರಿ ನುಡಿಸಿದ್ದಾರೆ. ಒಂದೇ ಹಾಡಿನ ಮೂರು ವಾದನಗಳನ್ನು ಅನುಕ್ರಮವಾಗಿ ಕೇಳಿದಾಗ, ಯಾವುದು ಮೊದಲೇ ನಿಶ್ಚಯಿಸಿದುದು, ಯಾವುದು ಆ ಕ್ಷಣದಲ್ಲಿ ಹುಟ್ಟಿದುದು ಎಂಬ ಭೇದವು ತಾನಾಗಿ ತೆರೆದುಕೊಳ್ಳುತ್ತದೆ. ಚೌಕಟ್ಟು ನಿಲ್ಲುತ್ತದೆ, ಬಾಸಿನ ಉತ್ತರಗಳು ಪ್ರತಿ ಬಾರಿಯೂ ಬದಲಾಗುತ್ತವೆ, ಅವಕ್ಕೆ ತಕ್ಕಂತೆ ಪಿಯಾನೋ ತನ್ನ ದಾರಿಯನ್ನು ತಿದ್ದಿಕೊಳ್ಳುತ್ತದೆ.

ಸ್ಮಾರಕದ ತಟ್ಟೆಯು ಮಾಡಲಾರದ ಇನ್ನೊಂದು ಕಾರ್ಯವನ್ನು ಪೂರ್ಣಾವೃತ್ತಿಯು ಮಾಡಿದೆ. ಅಗಲಿದ ಯುವಕನನ್ನು ಅದು ದುಡಿಯುವ ವಾದಕನನ್ನಾಗಿ ಹಿಂದಿರುಗಿಸಿದೆ. ಆ ಭಾನುವಾರ ಅವರಿಗೆ ಕೊನೆಯ ದಿನಗಳ ಅರಿವಿರಲಿಲ್ಲ. ಅವರು ಒಂದು ದಿನದ ಕೆಲಸವನ್ನು ಮಾಡುತ್ತಿದ್ದರು. ಸಂಗೀತದಲ್ಲಿ ವಿಷಾದದ ಛಾಯೆ ಇದ್ದರೆ ಅದು ಇವಾನ್ಸ್ ಅವರ ಸ್ವಭಾವದಿಂದ ಬಂದುದೇ ಹೊರತು ಮುಂದೆ ಒದಗಲಿದ್ದ ಆಪತ್ತಿನಿಂದಲ್ಲ. ಸಾವಿನ ಬೆಳಕಿನಲ್ಲಿ ಪ್ರತಿ ಸ್ವರವನ್ನೂ ವಿದಾಯವೆಂದು ಕೇಳುವ ವಿಮರ್ಶೆಯು ಲಾಫಾರೊ ಅವರನ್ನು ಗೌರವಿಸಿದಂತೆ ತೋರಿದರೂ, ಅವರು ನಿಜವಾಗಿ ನುಡಿಸಿದುದನ್ನು ಕೇಳದೆ ಹೋಗುತ್ತದೆ.

೫

ಇದೇ ಮಾನದಂಡವು ಬೇರೊಂದು ಬಗೆಯ ಸಂಗೀತಕ್ಕೂ ಸಲ್ಲುವುದೇ? ಅದೇ ವರ್ಷದ ನವೆಂಬರಿನಲ್ಲಿ ಜಾನ್ ಕೋಲ್ಟ್ರೇನ್ ಅವರು ಅದೇ ನೆಲಮಾಳಿಗೆಯಲ್ಲಿ ನಾಲ್ಕು ರಾತ್ರಿಗಳ ವಾದನವನ್ನು ಮುದ್ರಿಸಿದರು. ‘ಚೇಸಿನ್ ದ ಟ್ರೇನ್’ ಎಂಬ ಹದಿನಾರು ನಿಮಿಷಗಳ ವಾದನದ ತುಂಬ ಸ್ಯಾಕ್ಸೊಫೋನಿನ ಬಿಡುವಿಲ್ಲದ ಪ್ರವಾಹ. ಡೌನ್ ಬೀಟ್ ಪತ್ರಿಕೆಯು ೧೯೬೨ರ ಏಪ್ರಿಲಿನಲ್ಲಿ ಈ ತಟ್ಟೆಯನ್ನು ಪೀಟ್ ವೆಲ್ಡಿಂಗ್, ಐರಾ ಗಿಟ್ಲರ್ ಎಂಬ ಇಬ್ಬರಿಂದ ವಿಮರ್ಶೆಮಾಡಿಸಿತು. ವೆಲ್ಡಿಂಗ್ ಅವರದು ಕೊಂಚ ಅನುಕೂಲದ ನಿಲುವು, ಗಿಟ್ಲರ್ ಅವರದು ಕಠಿಣವಾದುದು. ಪ್ರವಾಹವನ್ನಷ್ಟೇ ಕೇಳಿದವನಿಗೆ ದಣಿವಾಗುವುದು ಸಹಜ. ಕೆಳಗೆ ಬಾಸ್ ಒಂದೇ ಸಮನೆ ಕಾಯುತ್ತಿರುವ ನಡೆಯನ್ನೂ, ಅದಕ್ಕೂ ಡ್ರಮ್‌ವಾದಕ ಎಲ್ವಿನ್ ಜೋನ್ಸ್ ಅವರಿಗೂ ನಡೆಯುವ ಎಳೆದಾಟವನ್ನೂ ಹಿಡಿದವನಿಗೆ ಅದರ ದಡಗಳು ಕಾಣುತ್ತವೆ. ಅದೇ ರಾತ್ರಿಗಳಲ್ಲಿ ಮುದ್ರಿತವಾಗಿ ೧೯೬೩ರಲ್ಲಿ ಪ್ರಕಟವಾದ ‘ಇಂಡಿಯಾ’ ಎಂಬ ಕೃತಿಯಲ್ಲಿ ಕೋಲ್ಟ್ರೇನ್ ಇಬ್ಬರು ಬಾಸ್‌ವಾದಕರನ್ನು ಕೂರಿಸಿಕೊಂಡಿದ್ದಾರೆ. ಭಾರತೀಯ ಸಂಗೀತದಲ್ಲಿ ಅವರಿಗಿದ್ದ ಆಸಕ್ತಿ ಪ್ರಸಿದ್ಧವಾದುದು. ಆ ಜೋಡಿ ಬಾಸುಗಳ ನಿಂತ ನಾದವನ್ನು ಕೇಳುವ ಕನ್ನಡ ರಸಿಕನಿಗೆ ತಂಬೂರಿಯ ನೆನಪಾಗದೆ ಇರದು.

ಆದ್ದರಿಂದ ಈ ವಿವೇಚನೆಯು ಜಾಝ್‌ಗೆ ಮಾತ್ರ ಸೀಮಿತವೆನ್ನಬೇಕಾಗಿಲ್ಲ. ಇಲ್ಲಿಯ ಬೈಠಕ್ಕುಗಳ ಮುದ್ರಣಗಳೂ ಈಗ ಹೇರಳವಾಗಿ ಹೊರಬರುತ್ತಿವೆ. ಅವುಗಳನ್ನು ಕುರಿತ ಬರಹಗಳಲ್ಲಿ ಗಾಯಕರ ತಾನಗಳ ವರ್ಣನೆ ಇರುತ್ತದೆ, ಸಭಿಕರ ವಾಹವಾ ಇರುತ್ತದೆ. ಸಾರಂಗಿಯವನು ಆ ತಾನವನ್ನು ಹೇಗೆ ಹಿಡಿದನು, ಹಿಡಿದುದನ್ನು ಗಾಯಕರು ಹೇಗೆ ಮನ್ನಿಸಿದರು ಎಂಬ ವಿಚಾರಣೆ ಅಪೂರ್ವ. ಎಷ್ಟೋ ಹಳೆಯ ತಟ್ಟೆಗಳ ಮೇಲೆ ಅವನ ಹೆಸರೂ ಇರಲಿಲ್ಲ. ಲಾಫಾರೊ ಅವರ ಹೆಸರಾದರೂ ಸತ್ತ ಮೇಲೆ ಹೊದಿಕೆಯ ಮೇಲೆ ಏರಿತು. ಬದುಕಿರುವ ಸಾಥಿಯ ದನಿಯನ್ನು ಅವನು ನುಡಿಸುತ್ತಿರುವಾಗಲೇ ಗುರುತಿಸುವುದು ಮುದ್ರಿಕೆಯ ವಿಮರ್ಶಕನು ಮೊದಲು ಕಲಿಯಬೇಕಾದ ಕೆಲಸ.