ಬಣ್ಣ ತೊಳೆಯದೆ ಹೋದ ಎಡಿಟರ್

ರಾತ್ರಿ ಒಂದೂವರೆ. ಸರ್ವರ್‌ನಲ್ಲಿ ಕಾನ್ಫಿಗ್ ಫೈಲ್ ತಿದ್ದುತ್ತಿದ್ದೆ, ಅರ್ಧ ಸೇವ್ ಆಗಿತ್ತು, ವಿಮ್ ಹ್ಯಾಂಗ್ ಆಯ್ತು. ಇನ್ನೊಂದು ವಿಂಡೋದಿಂದ ಕಿಲ್ -9 ಹೊಡೆದು ವಾಪಸ್ ಬಂದ್ರೆ ಪ್ರಾಂಪ್ಟ್ ಕಪ್ಪಿನ ಮೇಲೆ ಕಡುನೀಲಿ. ಟೈಪ್ ಮಾಡಿದ್ದು ಕಾಣ್ತಾನೇ ಇಲ್ಲ. ಫೈಲ್ ಮತ್ತೆ ತೆರೆಯೋಣ ಅಂತ ಮೇಲಿನ ಬಾಣ ಒತ್ತಿದೆ. ಒಂದು ಸಲವೋ ಎರಡು ಸಲವೋ, ಎಂಟರ್ ಕೊಟ್ಟೆ. ಓಡಿದ್ದು ಅದಕ್ಕೂ ಹಿಂದಿನ ರೀಸ್ಟಾರ್ಟ್ ಕಮ್ಯಾಂಡ್! ಅರ್ಧ ತಿದ್ದಿದ ಫೈಲ್ ಓದಿ ಸರ್ವಿಸ್ ಮಲಗಿತು. ಬೆಳಗ್ಗೆ ಮ್ಯಾನೇಜರ್ ಹತ್ರ 'ಬಣ್ಣದಿಂದ ಹೀಗಾಯ್ತು ಸರ್' ಅಂತ ಹೇಳೋಕಾಗುತ್ತಾ? ಹೇಳಲಿಲ್ಲ.

ಟರ್ಮಿನಲ್‌ನಲ್ಲಿ ಬಣ್ಣ ಅಂದ್ರೆ ಅಕ್ಷರಗಳ ನಡುವೆ ತೂರಿಕೊಂಡು ಬರುವ ಸೂಚನೆ, ಎಸ್ಕೇಪ್ ಕೋಡ್. 31 ಬಂದ್ರೆ ಕೆಂಪು, 34 ಬಂದ್ರೆ ನೀಲಿ, 0 ಬಂದ್ರೆ ಮಾಮೂಲಿ. ಯಾರು ಕಳಿಸಿದ್ರು, ಅವರು ಇನ್ನೂ ಇದ್ದಾರಾ ಅನ್ನೋದನ್ನು ಟರ್ಮಿನಲ್ ಕೇಳಲ್ಲ. ನಮ್ಮ ಇವತ್ತಿನ ಟರ್ಮಿನಲ್‌ಗಳು ಅನುಕರಿಸುವ ವಿಟಿ100 ಯಂತ್ರ ಬಂದದ್ದು 1978ರಲ್ಲಿ. ಅದರ ಪರದೆಗೆ ಬಣ್ಣವೇ ಇರಲಿಲ್ಲ. ಆಮೇಲೆ ಬಣ್ಣ ಸೇರಿತು, ಒರೆಸುವ ಜವಾಬ್ದಾರಿ ಮಾತ್ರ ಬಳಿದವರ ಮೇಲೇ ಉಳೀತು.

ಎಲ್ಲರೂ ವಿಮ್‌ಗೆ ಬೈತಾರೆ. ಅದು ಅನ್ಯಾಯ. ಸರಿಯಾಗಿ ಮುಚ್ಚಿದರೆ ಅದು ಒರೆಸಿಯೇ ಹೋಗುತ್ತೆ. ಆದರೆ ಕಿಲ್ -9 ಅನ್ನು ಯಾವ ಪ್ರೋಗ್ರಾಮೂ ಹಿಡಿಯಲಾರದು. ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಮುಗಿದ ಮೇಲೆ ದುರ್ಯೋಧನ ಬಣ್ಣ ತೊಳ್ಕೊಂಡೇ ಹಾಲು ಕರೆಯೋಕೆ ಹೋಗ್ತಿದ್ದ. ಇಲ್ಲಾಂದ್ರೆ ಹಸು ಬೆದರುತ್ತೆ. ಆದರೆ ರಂಗದ ಮೇಲೇ ಕುಸಿದು ಬಿದ್ದವನ ಬಣ್ಣವನ್ನು ಬೇರೆ ಯಾರೋ ಒರೆಸಬೇಕಲ್ವಾ?

ನಾವು ಮಾಡ್ಕೊಂಡಿರೋ ಮದ್ದುಗಳನ್ನು ನೋಡಿ. 'ರೀಸೆಟ್' ಒಳ್ಳೇದು, ಕಣ್ಣು ಮುಚ್ಚಿ ಟೈಪ್ ಮಾಡಿದ್ರೂ ಕೆಲಸ ಮಾಡುತ್ತೆ. 'ಎಸ್‌ಟಿಟಿವೈ ಸೇನ್' ಅನ್ನು ಬಣ್ಣಕ್ಕೂ ಅಂಟಿಸ್ತಾರೆ. ಅದು ಟೈಪ್ ಮಾಡಿದ್ದು ಮೂಡದೇ ಇದ್ದಾಗಿನ ಮದ್ದು, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಷ್‌ಆರ್‌ಸಿಯಲ್ಲಿ ಟರ್ಮ್ ಅನ್ನು 'ಎಕ್ಸ್‌ಟರ್ಮ್-256ಕಲರ್' ಅಂತ ಬರೆದಿಡೋದು ಇನ್ನೂ ಕೆಟ್ಟದ್ದು: ಟಿಮಕ್ಸ್ ಒಳಗೆ ಅದು ಸುಳ್ಳು ಹೇಳಿದ ಹಾಗೆ. ಇನ್ನು ಕೆಲವರ ವಿಮ್‌ಆರ್‌ಸಿ ಓಎಸ್‌ಸಿ 11 ಕಳಿಸಿ ಟರ್ಮಿನಲ್‌ನ ಹಿನ್ನೆಲೆಯನ್ನೇ ಬದಲಿಸುತ್ತೆ. ಅದಕ್ಕೆ 0 ಸಾಲದು, ವಿಮ್ ಮುಚ್ಚುವಾಗ 111 ಕಳಿಸಬೇಕು. ಆ ಎರಡನೇ ಸಾಲನ್ನು ಕಾಪಿ ಮಾಡೋಕೆ ಮರೀತಾರೆ.

ನನ್ನ ತಕರಾರು ಶೆಲ್ ಮೇಲೆ. ಎಡಿಟರ್ ಸತ್ತಾಗ ಬದುಕಿರೋದು ಅದೇ. ಪ್ರತಿ ಪ್ರಾಂಪ್ಟ್‌ಗೂ ಮೊದಲು ಒಂದು ಸೊನ್ನೆ ಕಳಿಸೋಕೆ ನಾಲ್ಕು ಬೈಟ್ ಸಾಕು. ಬ್ಯಾಷ್ ತಾನಾಗಿ ಕಳಿಸಲ್ಲ. ನಾನೇ ಪಿಎಸ್1ರ ಶುರುವಿನಲ್ಲಿ 'ಟಿಪುಟ್ ಎಸ್‌ಜಿಆರ್0' ಕೊಡುವ ಕೋಡ್ ಹಾಕಿಕೊಂಡೆ. ಅವತ್ತಿಂದ ನೀಲಿ ಪ್ರಾಂಪ್ಟ್ ಕಂಡಿಲ್ಲ.

ಹೋದ ವಾರ ಲಂಚ್‌ನಲ್ಲಿ ಆ ರಾತ್ರಿಯ ಕಥೆಯನ್ನು ಕೊನೆಗೂ ಹೇಳಿದೆ. ಟೇಬಲ್‌ನಲ್ಲಿದ್ದ ಇನ್ನಿಬ್ಬರಿಗೂ ಹೀಗೇ ಆಗಿತ್ತಂತೆ. ಅವರೂ ಯಾರಿಗೂ ಹೇಳಿರಲಿಲ್ಲ.