ದನಿ ಏರಿಸದೆ ಗೆದ್ದವರು

ಅಮೆರಿಕದ ಗಾಯಕಿ ನೋರಾ ಜೋನ್ಸ್ ಅವರ ಮೊದಲ ಆಲ್ಬಂ ‘ಕಮ್ ಅವೇ ವಿತ್ ಮಿ’ 2002ರ ಫೆಬ್ರುವರಿಯಲ್ಲಿ ಬಂತು. ಆಗ ಅವರಿಗೆ 22 ವರ್ಷ. ಹೊರತಂದದ್ದು 1939ರಿಂದ ಜಾಝ್‌ಗೇ ಮುಡಿಪಾಗಿದ್ದ ಬ್ಲೂ ನೋಟ್ ಕಂಪನಿ. ಇದು ಜಾಝ್ ಹೇಗಾಗುತ್ತದೆ, ಇಂಪಾದ ಪಾಪ್ ಅಷ್ಟೇ ಅಲ್ಲವೇ ಎಂದು ಮಡಿವಂತ ಕೇಳುಗರು ಮೂಗು ಮುರಿದರು.

ಅವರಿಗೆ ನಾನು ಆಲ್ಬಮ್ಮಿನ ಮೂರನೇ ಹಾಡು ‘ಕೋಲ್ಡ್ ಕೋಲ್ಡ್ ಹಾರ್ಟ್’ ಕೇಳಿಸುತ್ತೇನೆ. ಕಂಟ್ರಿ ಸಂಗೀತದ ದಿಗ್ಗಜ ಹ್ಯಾಂಕ್ ವಿಲಿಯಮ್ಸ್ ಗಂಟಲು ಬಿಗಿದ ಸಂಕಟದಲ್ಲಿ ಹಾಡಿದ ಅದು ಹೊರಬಂದದ್ದು 1951ರಲ್ಲಿ. ಅದೇ ವರ್ಷ ಟೋನಿ ಬೆನೆಟ್ ಅದಕ್ಕೆ ಆರ್ಕೆಸ್ಟ್ರಾ ಸೇರಿಸಿ ಪಾಪ್ ಪಟ್ಟಿಯ ತುದಿಗೇರಿಸಿದರು. ನೋರಾ ಎರಡನ್ನೂ ಬದಿಗಿಟ್ಟು ಲಯವನ್ನು ಸಡಿಲಿಸುತ್ತಾರೆ. ಪದಗಳು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತವೆ, ಪಿಯಾನೊ ಎರಡು ಸ್ವರ ನುಡಿದು ಸುಮ್ಮನಾಗುತ್ತದೆ. ಪ್ರಿಯನ ಮೇಲಿನ ದೂರು ಇಲ್ಲಿ ತನ್ನಷ್ಟಕ್ಕೇ ಆಡಿಕೊಂಡ ಮಾತಾಗಿದೆ. ತಾಳದೊಡನೆ ಇಂಥ ಸಲುಗೆ ಜಾಝ್ ಕಲಿಯದೆ ಬರುವುದಿಲ್ಲ.

ಪಂಡಿತ್ ರವಿಶಂಕರ್ ಅವರ ಮಗಳೆಂದು ಇದರಲ್ಲಿ ಸಿತಾರಿನ ಛಾಯೆ ಹುಡುಕುವವರು ನಮ್ಮಲ್ಲಿದ್ದಾರೆ. ಅದು ಬೇಡ. ನೋರಾ ಬೆಳೆದದ್ದು ತಾಯಿ ಸೂ ಜೋನ್ಸ್ ಜೊತೆ, ಟೆಕ್ಸಾಸಿನ ಗ್ರೇಪ್‌ವೈನ್ ಊರಿನಲ್ಲಿ; ಓದಿದ್ದು ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ಜಾಝ್ ಪಿಯಾನೊ. ಕಂಟ್ರಿ ಅವರಿಗೆ ಊರಿನ ಗಾಳಿ, ಜಾಝ್ ಕಲಿತ ವಿದ್ಯೆ. ಹಾಗಾಗಿಯೇ ಈ ಬೆರಕೆಯಲ್ಲಿ ಹೊಲಿಗೆ ಕಾಣುವುದಿಲ್ಲ.

ಆಲ್ಬಂ ತಯಾರಾದ ಬಗೆಯೂ ಗಮನಿಸುವಂಥದ್ದು. ನೋರಾ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣ ತಜ್ಞ ಜೇ ನ್ಯೂಲ್ಯಾಂಡ್ ಜೊತೆ ಕೆಲವು ಡೆಮೊ, ಅಂದರೆ ಮಾದರಿ ಮುದ್ರಣ, ಮಾಡಿದ್ದರು. ಬಳಿಕ ನಿರ್ಮಾಪಕ ಕ್ರೇಗ್ ಸ್ಟ್ರೀಟ್ ಜೊತೆ ಗಿಟಾರ್‌ಗಳ ಪದರಗಳಿದ್ದ, ಇನ್ನಷ್ಟು ತುಂಬಿದ ಧ್ವನಿಮುದ್ರಣ ನಡೆಯಿತು. ಆ ಸದ್ದಿನಲ್ಲಿ ಡೆಮೊಗಳ ಸರಳತೆ ಮರೆಯಾಗಿದೆ ಎಂದು ಕಂಪನಿಗೆ ಅನ್ನಿಸಿತು. ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಉಳಿಸಿಕೊಂಡು, ಅರೀಥಾ ಫ್ರಾಂಕ್ಲಿನ್ ಜೊತೆ ಕೆಲಸ ಮಾಡಿದ್ದ ಹಿರಿಯ ನಿರ್ಮಾಪಕ ಆರಿಫ್ ಮಾರ್ಡಿನ್ ಅವರನ್ನು ಕರೆಸಿದರು. ಮಾರ್ಡಿನ್ ಅವರ ದೊಡ್ಡತನ ಹೆಚ್ಚೇನೂ ಸೇರಿಸದೆ ಕೈ ತಡೆದದ್ದರಲ್ಲಿದೆ. ಜೆಸ್ಸಿ ಹ್ಯಾರಿಸ್ ಬರೆದ ‘ಡೋಂಟ್ ನೋ ವೈ’ ಎಂದು ಜಗತ್ತು ಕೇಳಿದ್ದು ಹೆಚ್ಚುಕಡಿಮೆ ಆ ಹಳೆಯ ಡೆಮೊವನ್ನೇ; ಮೇಲೆ ನೋರಾರದೇ ಜೊತೆದನಿ ಸೇರಿಸಿದ್ದಾರೆ, ಅಷ್ಟೆ. ಸ್ಟ್ರೀಟ್ ಜೊತೆ ಮಾಡಿ ಕೈಬಿಟ್ಟಿದ್ದ ಮುದ್ರಣಗಳು 2022ರಲ್ಲಿ, ಆಲ್ಬಮ್ಮಿನ ಇಪ್ಪತ್ತನೇ ವರ್ಷದ ಆವೃತ್ತಿಯಲ್ಲಿ ಹೊರಬಂದಿವೆ. ಚೆನ್ನಾಗಿವೆ, ಆದರೆ ಹಾಡುಗಾರ್ತಿಯ ಉಸಿರು ಅಲ್ಲಿ ಇಷ್ಟು ಹತ್ತಿರವಿಲ್ಲ.

ಕೊರತೆ ಇಲ್ಲವೆಂದಲ್ಲ. ಹತ್ತನೆಯ ಹಾಡಿನಿಂದಾಚೆಗೆ ನಡೆ ಒಂದೇ ಆಗಿ ಮನಸ್ಸು ಅತ್ತಿತ್ತ ಹೊರಳುತ್ತದೆ. ಅದನ್ನು ಮತ್ತೆ ಹಿಡಿದು ಕೂರಿಸುವುದು ಕೊನೆಯ ‘ದ ನಿಯರ್‌ನೆಸ್ ಆಫ್ ಯು’. ಸಂಯೋಜಕ ಹೋಗಿ ಕಾರ್ಮೈಕಲ್ ಅವರ ಈ ಹಳೆಯ ಹಾಡಿನಲ್ಲಿ ನೋರಾ ಮತ್ತು ಪಿಯಾನೊ ಬಿಟ್ಟರೆ ಬೇರೇನೂ ಇಲ್ಲ.

2003ರ ಗ್ರ್ಯಾಮಿಯಲ್ಲಿ ನೋರಾ ಒಬ್ಬರಿಗೇ ಐದು ಪ್ರಶಸ್ತಿಗಳು ಬಂದವು. ಮಾರಾಟ ಎರಡು ಕೋಟಿ ಪ್ರತಿಗಳನ್ನು ದಾಟಿತು. ಹೊಸ ಗಾಯಕಿಯೊಬ್ಬಳು ಒಮ್ಮೆಯೂ ದನಿ ಏರಿಸದೆ ಇದನ್ನು ಸಾಧಿಸಿದ್ದು ನನಗೆ ಇಂದಿಗೂ ಬೆರಗು.

ಈ ವಾರ ಬಿಡುವಾದಾಗ ‘ಕೋಲ್ಡ್ ಕೋಲ್ಡ್ ಹಾರ್ಟ್’ ಅನ್ನು ಮೂರೂ ದನಿಗಳಲ್ಲಿ ಕೇಳಿ: ಮೊದಲು ಹ್ಯಾಂಕ್, ಆಮೇಲೆ ಬೆನೆಟ್, ಕಡೆಗೆ ನೋರಾ. ಇದೇ ಸರದಿಯಲ್ಲಿ, ನಡುವೆ ಬೇರೆ ಹಾಡು ಹಾಕದೆ.